ಅಜ್ಜಿಯ ಮೂಲೆ: ಚಿತ್ರ ಮುಗಿದ ಮೇಲೆ

ಮಕ್ಕಳಿಗೆ ರಜೆ ಬಂತೆಂದರೆ ನಮ್ಮ ಮುಂಬಯಿ ಮನೆಯ ನಡುಕೋಣೆ ಸಿನಿಮಾ ಮಂದಿರವೇ ಆಗಿಬಿಡುತ್ತದೆ. ಈ ಸಲ ಮೊಮ್ಮಗಳು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, 1995ರಲ್ಲಿ ಡಿಸ್ನಿಯವರು ತೆಗೆದ ‘ಪೊಕಹಾಂಟಸ್’ ಎಂಬ ಕಾರ್ಟೂನು ಚಿತ್ರ ತೋರಿಸಿದಳು. 1607ರಲ್ಲಿ ಇಂಗ್ಲಿಷರು ಅಮೆರಿಕದ ವರ್ಜೀನಿಯಕ್ಕೆ ಬಂದು ಬೀಡುಬಿಟ್ಟ ಕಾಲದ ಕಥೆ. ಅಲ್ಲಿಯ ಮೂಲನಿವಾಸಿಗಳ ದೊರೆ ಪೊವ್ಹಾಟನನ ಮಗಳು ಪೊಕಹಾಂಟಸ್. ಬಂದವರಲ್ಲೊಬ್ಬ ಜಾನ್ ಸ್ಮಿತ್. ಇಬ್ಬರಿಗೂ ಪ್ರೇಮ. ಚಿತ್ರ ಮುಗಿದಾಗ ಹುಡುಗಿ ಕಣ್ಣೊರೆಸಿಕೊಂಡು, “ಅಜ್ಜಿ, ಇದೆಲ್ಲಾ ನಿಜವಾಗಿ ನಡೆದದ್ದಾ?” ಎಂದಳು.

ನಮ್ಮ ಯಕ್ಷಗಾನಕ್ಕೂ ಕಂಪನಿ ನಾಟಕಕ್ಕೂ ಇರುವಂತೆ ಈ ಹಾಡಿನ ಚಿತ್ರಗಳಿಗೂ ಒಂದು ಕಟ್ಟುಪಾಡು ಇದೆ. ಮೊದಮೊದಲೇ ನಾಯಿಕೆ ಒಂಟಿಯಾಗಿ ನಿಂತು ತನ್ನ ಮನದಾಸೆಯನ್ನು ಹಾಡಬೇಕು. ಇವಳು ದೋಣಿಯಲ್ಲಿ ಕೂತು, ಹೊಳೆಯ ತಿರುವಿನಾಚೆ ಏನಿದೆಯೋ ಎಂದು ಹಾಡುತ್ತಾಳೆ. ನಗಿಸಲು ಹಾಸ್ಯಗಾರ ಬೇಕು. ಇಲ್ಲಿ ಆ ಕೆಲಸ ಒಂದು ರಕೂನಿನದು. ಬುದ್ಧಿ ಹೇಳಲು ಹಿರಿಯರು ಬೇಕು. ಮಾತಾಡುವ ಮುದಿ ಮರವೊಂದಿದೆ. ಭಾಷೆ ಬಾರದವರು ಗಾಳಿಗೆ ಕಿವಿಗೊಟ್ಟ ಕ್ಷಣದಲ್ಲಿ ಒಬ್ಬರಿಗೊಬ್ಬರು ಅರ್ಥವಾಗಿಬಿಡುತ್ತಾರೆ. ಇದಕ್ಕೆಲ್ಲ ನನ್ನ ತಕರಾರಿಲ್ಲ. ಆಲನ್ ಮೆಂಕನ್ ಅವರ ಸಂಗೀತವೂ ಸೊಗಸಾಗಿದೆ. ಅದಕ್ಕೆ ಆಸ್ಕರ್ ಸಿಕ್ಕಿತು.

ಆದರೆ ಕಟ್ಟುಪಾಡು ಕೆಲವು ಕಡೆ ಬಲು ದುಬಾರಿಯಾಗುತ್ತದೆ. ಪ್ರೇಮಕಥೆಯೆಂದ ಮೇಲೆ ನಾಯಿಕೆ ಪ್ರಾಯದವಳಾಗಲೇಬೇಕಷ್ಟೆ. ನಿಜವಾದ ಪೊಕಹಾಂಟಸಳಿಗೆ ಆಗ ಹತ್ತೋ ಹನ್ನೊಂದೋ ವರ್ಷ, ನಮ್ಮ ಪುಟ್ಟಿಯ ವಯಸ್ಸು, ಸ್ಮಿತನಿಗೆ 27. ಅವಳು ಅವನ ಪ್ರಾಣ ಉಳಿಸಿದ ಸಂಗತಿ ಅವನು 1608ರಲ್ಲಿ ಬರೆದ ವೃತ್ತಾಂತದಲ್ಲಿ ಇಲ್ಲ. ಅವಳು ತೀರಿಕೊಂಡ ಮೇಲೆ, 1624ರ ಪುಸ್ತಕದಲ್ಲಿ ಇದೆ. ಚಿತ್ರಕ್ಕೊಬ್ಬ ಖಳನಾಯಕನೂ ಬೇಕಲ್ಲ? ರ‍್ಯಾಟ್‌ಕ್ಲಿಫ್ ಎಂಬ ಅಧಿಕಾರಿಯ ತಲೆಗೆ ಪಾಪವನ್ನೆಲ್ಲ ಕಟ್ಟಿ, ಅವನನ್ನು ಹೆಡೆಮುರಿ ಕಟ್ಟಿ ಹಡಗಿಗೆ ಹಾಕಿದರೆ ಕಥೆ ಸುಖಾಂತ. ನಿಜದಲ್ಲಿ ಬಂದವರು ಉಳಿದರು, ಹೊಗೆಸೊಪ್ಪು ಬೆಳೆದರು, ನೆಲ ನುಂಗುತ್ತ ಹೋದರು.

ಮುಂದಿನದಕ್ಕೆ ಚಿತ್ರದಲ್ಲಿ ಹಾಡೇ ಇಲ್ಲ. 1613ರಲ್ಲಿ ಇಂಗ್ಲಿಷರು ಅವಳನ್ನು ಮೋಸದಿಂದ ಸೆರೆಹಿಡಿದರು. ಸೆರೆಯಲ್ಲಿದ್ದಾಗಲೇ ಕ್ರೈಸ್ತ ದೀಕ್ಷೆ ಕೊಟ್ಟು ರೆಬೆಕ್ಕ ಎಂದು ಹೆಸರಿಟ್ಟರು. 1614ರಲ್ಲಿ ಹೊಗೆಸೊಪ್ಪಿನ ಬೆಳೆಗಾರ ಜಾನ್ ರಾಲ್ಫನೊಡನೆ ಮದುವೆ, ಒಂದು ಗಂಡುಮಗು. 1616ರಲ್ಲಿ ಇಂಗ್ಲೆಂಡಿಗೆ ಪಯಣ. 1617ರ ಮಾರ್ಚಿಯಲ್ಲಿ ತಿರುಗಿ ಊರಿಗೆ ಹೊರಟ ಹಡಗು ಥೇಮ್ಸ್ ನದಿಯನ್ನು ದಾಟುವ ಮೊದಲೇ ಕಾಯಿಲೆ ಬಿದ್ದು, ಗ್ರೇವ್ಸೆಂಡಿನಲ್ಲಿ ತೀರಿಕೊಂಡಳು. ಇಪ್ಪತ್ತೊಂದರ ಸುಮಾರಿನ ವಯಸ್ಸು.

ಇದನ್ನೆಲ್ಲ ಹೇಳಿದಾಗ ಪುಟ್ಟಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಾಗಾದ್ರೆ ಅವಳು ಮನೆಗೆ ಹೋಗ್ಲೇ ಇಲ್ವಾ ಅಜ್ಜಿ?” ಎಂದಳು. ಚಿತ್ರ ನೋಡಿ ಬಂದ ಕಣ್ಣೀರಿಗಿಂತ ಈ ಪ್ರಶ್ನೆ ದೊಡ್ಡದೆಂದು ನನಗೆ ತೋರಿತು.

ಯಕ್ಷಗಾನದ ಹಾಸ್ಯಗಾರ ಏನೇ ಹರಟಿದರೂ ಊರಿನಲ್ಲಿ ಯಾರೂ ಮೋಸಹೋಗುತ್ತಿರಲಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲೇ ಭಾರತದ ಕಥೆ ಮನೆಮನೆಯಲ್ಲೂ ಗೊತ್ತಿತ್ತು. ಮೂಲ ತಿಳಿದವನಿಗೆ ಬಣ್ಣ ಬರಿಯ ಬಣ್ಣ. ನಮ್ಮ ಮಕ್ಕಳಿಗಾದರೋ ಬಣ್ಣವೇ ಮೊದಲು ಸಿಗುತ್ತದೆ, ಎಷ್ಟೋ ಸಲ ಅದೊಂದೇ ಸಿಗುತ್ತದೆ.

ದೂರದ ಮಾತೇಕೆ? ಕೊಡಗಿನ ಕೊನೆಯ ಅರಸು ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ತಂದೆಯೊಡನೆ ಲಂಡನ್ನಿಗೆ ಹೋದಳು. ಅಲ್ಲಿ ಅವಳಿಗೂ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯ ರಾಣಿ ತನ್ನ ಹೆಸರನ್ನೇ ಇಟ್ಟಳು. 1860ರಲ್ಲಿ ಕರ್ನಲ್ ಕ್ಯಾಂಬೆಲ್ ಎಂಬಾತನೊಡನೆ ಮದುವೆ, ಒಂದು ಹೆಣ್ಣುಮಗು. 1864ರಲ್ಲಿ ಅಲ್ಲಿಯೇ ಮರಣ. ಇಪ್ಪತ್ತೈದೂ ತುಂಬಿರಲಿಲ್ಲ. ನಾಳೆ ಅವಳ ಮೇಲೂ ಯಾರಾದರೂ ಹಾಡಿನ ಚಿತ್ರ ತೆಗೆದಾರು. ಮಾತಾಡುವ ಗಿಳಿಯನ್ನೂ ಇಟ್ಟಾರು. ಇಡಲಿ. ಅಷ್ಟರೊಳಗೆ ನಮ್ಮ ಮಕ್ಕಳಿಗೆ ಗೌರಮ್ಮ ಯಾರೆಂದು ಗೊತ್ತಿರಬೇಕು.

ಅದಕ್ಕೆ, ತಾಯಂದಿರೆ, ಮಕ್ಕಳಿಗೆ ಚಿತ್ರ ಬೇಡವೆನ್ನಬೇಡಿ. ಜೊತೆಯಲ್ಲಿ ಕೂತು ನೋಡಿ, ಹಾಡನ್ನೂ ಕಲಿಯಿರಿ. ದೀಪ ಹಾಕಿದ ಮೇಲೆ ಮಾತ್ರ ಎದ್ದು ಅಡಿಗೆಮನೆಗೆ ಓಡಬೇಡಿ. ಉಳಿದರ್ಧ ಕಥೆ ಹೇಳಬೇಕಾದವರು ನಾವೇ.