ಮೊದಲ ಸ್ಪರ್ಧೆಗೆ ಬಕೆಟ್ ಹಿಡ್ಕೊಂಡು ಹೋಗಲಿ

1/6

ಈ ಫೋಟೋದಲ್ಲಿ ಹುಡುಗನ ಮುಖ ಬೇಕಂತಲೇ ತೋರಿಸಿಲ್ಲ. ಕೈ ಮಾತ್ರ ನೋಡಿ. ಒಂದು ಕೈಯಲ್ಲಿ ನೀಲಿ ಬಕೆಟ್, ಇನ್ನೊಂದರಲ್ಲಿ ಗೊರಸಿನ ಮಣ್ಣು ಕೆದಕೋ ಕೊಕ್ಕೆ. ಬಿಳಿ ಬ್ರೀಚಸ್ ಇಲ್ಲ, ಕೋಟು ಇಲ್ಲ. ಹಳೇ ಟೀ ಶರ್ಟು, ಅದರ ಮೇಲೆ ಕುದುರೆಯ ಜೊಲ್ಲು.

ಹೋದ ತಿಂಗಳು ಬೆಂಗಳೂರಿನ ಹೊರವಲಯದಲ್ಲಿ ನಡೆದ ಒಂದು ಶೋ ಜಂಪಿಂಗ್ ಸ್ಪರ್ಧೆಗೆ ನಮ್ಮ ರೈಡಿಂಗ್ ಕ್ಲಬ್ಬಿನಿಂದ ಒಂಬತ್ತು ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ಸವಾರಿ ಮಾಡಿದ್ದು ಐದೇ ಜನ. ಉಳಿದ ನಾಲ್ವರು ಎರಡು ದಿನ ಪೂರ್ತಿ ಕುದುರೆ ನೋಡ್ಕೊಂಡ್ರು. ಸ್ಟೋರಿ ಹಾಕಿದ ಮೇಲೆ ಇನ್‌ಬಾಕ್ಸ್‌ಗೆ ಬಂದ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಮೇಡಂ, ಅಷ್ಟು ಫೀಸ್ ಕಟ್ಟಿಸ್ಕೊಂಡು ಮಕ್ಕಳ ಕೈಲಿ ಬಕೆಟ್ ಹೊರಿಸ್ತೀರಾ?"

ಹೌದು, ಹೊರಿಸ್ತೀನಿ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಮಗು ಹೋಗುವ ಮೊದಲ ಸ್ಪರ್ಧೆಯಲ್ಲಿ ಅದು ಕುದುರೆ ಹತ್ತಬಾರದು. ಕುದುರೆಯ ಚಾಕರಿ ಮಾಡಬೇಕು. ಹತ್ತೋದು ಎರಡನೇ ಸಲ. ನಿಮಗೆ ಇದು ಅತಿ ಅನ್ನಿಸಬಹುದು. ಮೂರು ವರ್ಷದ ಹಿಂದೆ ನನಗೂ ಅನ್ನಿಸ್ತಿತ್ತು.

2/6

ಈ ಫೋಟೋದಲ್ಲಿ ಇರೋದು ಬಾದಾಮಿ, ನಮ್ಮ ಕ್ಲಬ್ಬಿನ ಕಂದು ಹೆಣ್ಣು ಕುದುರೆ. ಮಕ್ಕಳ ಅಚ್ಚುಮೆಚ್ಚು. ಮೂರು ವರ್ಷದ ಹಿಂದೆ ಹನ್ನೆರಡರ ಒಬ್ಬ ಹುಡುಗಿ ಇವಳ ಮೇಲೆ ಮೊದಲ ಸ್ಪರ್ಧೆಗೆ ಇಳಿದಳು. ಕ್ಲಬ್ಬಿನಲ್ಲಿ 80 ಸೆಂಟಿಮೀಟರ್ ಆರಾಮಾಗಿ ಹಾರಿಸ್ತಿದ್ದವಳು, ಅಲ್ಲಿ 70ರ ಕ್ಲಾಸು. ರಿಬ್ಬನ್ ಗ್ಯಾರಂಟಿ ಅಂತ ನಾನೇ ಅವರಪ್ಪನಿಗೆ ಹೇಳಿದ್ದೆ.

ಎರಡು ಬೇಲಿ ದಾಟಿತು. ಮೂರನೇದರ ಮುಂದೆ ಬಾದಾಮಿ ನಿಂತುಬಿಟ್ಟಳು. ನಾಲ್ಕು ಫಾಲ್ಟ್. ನಾನು ಹೊರಗಿನಿಂದ ಕೂಗಿದೆ: "ಸ್ಟಿಕ್ ತಗೋ! ಸ್ಟಿಕ್!" ಹುಡುಗಿ ಹೊಡೆದಳು. ಮತ್ತೆ ಹೋದರು, ಮತ್ತೆ ನಿಂತಳು. ಗಂಟೆ ಬಾರಿಸಿತು. ಔಟ್. ಹುಡುಗಿ ಅಳ್ತಾ ಹೊರಗೆ ಬಂದಳು. ಅವರಪ್ಪ "ಈ ಕುದುರೆನೇ ಸರಿ ಇಲ್ಲ" ಅಂದ್ರು. ನಾನು ತಲೆ ಅಲ್ಲಾಡಿಸಿದೆ.

ಲಾಯಕ್ಕೆ ವಾಪಸ್ ಬಂದಾಗ ನಮ್ಮ ಸೈಸ್ ಅಣ್ಣ ಮೆಲ್ಲಗೆ ಹೇಳಿದ್ರು. "ಮೇಡಂ, ನಿನ್ನೆ ರಾತ್ರಿಯಿಂದ ನೀರು ಕುಡಿದಿಲ್ಲ. ಲದ್ದಿನೂ ಕಮ್ಮಿ."

"ಯಾಕಣ್ಣ ಹೇಳ್ಲಿಲ್ಲ?"

"ಬೆಳಿಗ್ಗೆ ಪಾಪೂಗೆ ಹೇಳಿದೆ ಮೇಡಂ. ಓಕೆ ಅಣ್ಣ ಅಂತು."

ಸಂಜೆ ಹೊತ್ತಿಗೆ ಬಾದಾಮಿ ನೆಲ ಕೆರೆಯೋಕೆ, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡೋಕೆ ಶುರು ಮಾಡಿದಳು. ಕಾಲಿಕ್. ಕುದುರೆ ವಾಂತಿ ಮಾಡೋಕಾಗದ ಪ್ರಾಣಿ. ನೀರು ಕಡಿಮೆಯಾಗಿ ಕರುಳಲ್ಲಿ ಮೇವು ಗಟ್ಟಿಯಾಗಿ ಕೂತರೆ ಜೀವಕ್ಕೇ ಬರುತ್ತೆ. ಡಾಕ್ಟರ್ ಬಂದು ಮೂಗಿನಿಂದ ಟ್ಯೂಬ್ ಇಳಿಸಿದ್ರು. ರಾತ್ರಿ ಎರಡು ಗಂಟೆಗೆ ಅವಳು ಲದ್ದಿ ಹಾಕಿದಾಗ ಸೈಸ್ ಅಣ್ಣ ಕೈ ಮುಗಿದು ನೆಲದ ಮೇಲೆ ಕೂತುಬಿಟ್ರು.

ಮಾರನೇ ದಿನ ಹುಡುಗಿಗೆ ಫೋನ್ ಮಾಡಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಕೇಳಿದಳು: "ನೀರು ಕುಡಿದಿಲ್ಲ ಅಂದ್ರೆ ಅಷ್ಟು ದೊಡ್ಡ ವಿಷಯ ಅಂತ ನೀವು ನನಗೆ ಹೇಳಿಕೊಟ್ಟೇ ಇಲ್ಲ ಅಲ್ವಾ ಮ್ಯಾಮ್?"

ಇಲ್ಲ. ಹೇಳಿಕೊಟ್ಟಿರಲಿಲ್ಲ. ಎರಡು ವರ್ಷ ಹಿಮ್ಮಡಿ ಕೆಳಗೆ, ಬೆನ್ನು ನೆಟ್ಟಗೆ ಅಂತ ಕೂಗಿದ್ದೆ, ಅಷ್ಟೇ.

3/6

ನಮ್ಮೂರ ಕ್ಲಬ್ಬುಗಳಲ್ಲಿ ಕಲಿಯೋ ಮಗುವಿನ ದಿನ ಹೇಗಿರುತ್ತೆ ಗೊತ್ತಲ್ಲ? ಕಾರಿಂದ ಇಳಿಯೋ ಹೊತ್ತಿಗೆ ಜೀನು ಕಟ್ಟಿದ ಕುದುರೆ ರೆಡಿ. 45 ನಿಮಿಷ ಸವಾರಿ. ಇಳಿದ ತಕ್ಷಣ ಲಗಾಮು ಸೈಸ್ ಕೈಗೆ. ಒಂದು ಸೆಲ್ಫಿ, ಮನೆಗೆ. ಕುದುರೆ ಆಮೇಲೆ ಏನು ತಿಂತು, ಎಲ್ಲಿ ಮಲಗ್ತು, ಮಗುವಿಗೆ ಗೊತ್ತಿಲ್ಲ. ಹೀಗೆ ಕಲಿತ ಮಗುವಿಗೆ ಕುದುರೆ ಅಂದ್ರೆ ಬಾಡಿಗೆ ಸೈಕಲ್ ಇದ್ದಂತೆ. ತಪ್ಪು ಮಗುವಿನದಲ್ಲ.

ಈಗ ನಮ್ಮಲ್ಲಿ ಮೊದಲ ಸ್ಪರ್ಧೆಗೆ ಬರೋ ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಡ್ತೀವಿ. ಅದರಲ್ಲಿ ಬರೆಯಬೇಕಾದದ್ದು ಇಷ್ಟು:

• ನೀರು. ದೊಡ್ಡ ಕುದುರೆಗೆ ದಿನಕ್ಕೆ ಸುಮಾರು 25ರಿಂದ 45 ಲೀಟರ್ ಬೇಕು, ಬಿಸಿಲಿಗೆ ಇನ್ನೂ ಜಾಸ್ತಿ. ಪ್ರತಿ ಬಕೆಟ್ ಎಣಿಸಬೇಕು. ಹೊಸ ಜಾಗದ ನೀರಿನ ವಾಸನೆ, ರುಚಿ ಹಿಡಿಸದೆ ಕುದುರೆಗಳು ಮುಖ ತಿರುಗಿಸ್ತವೆ. ನಮ್ಮಲ್ಲಿ ಬೋರ್‌ವೆಲ್ ನೀರು, ಅಲ್ಲಿ ಟ್ಯಾಂಕರ್ ನೀರು. ಬಾದಾಮಿಗೆ ಆಗಿದ್ದು ಬಹುಶಃ ಅದೇ. ಈಗ ಮನೆ ನೀರನ್ನೇ ಕ್ಯಾನುಗಳಲ್ಲಿ ತುಂಬಿಸಿಕೊಂಡು ಹೋಗ್ತೀವಿ.

• ಲದ್ದಿ. ಎಷ್ಟು ಸಲ, ಎಷ್ಟು ಗಟ್ಟಿ. ಮೊದಲ ದಿನ ಮೂಗು ಮುಚ್ಚಿಕೊಳ್ಳೋ ಮಕ್ಕಳೇ ಎರಡನೇ ದಿನ "ಮ್ಯಾಮ್, ಲದ್ದಿ ಸೂಪರ್" ಅಂತ ಓಡಿ ಬರ್ತಾರೆ.

• ಒಸಡು. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು.

• ನಾಡಿ. ಸುಮ್ಮನೆ ನಿಂತ ದೊಡ್ಡ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಅದಕ್ಕಿಂತ ಮೇಲೆ ಹೋಗಿ ಅಲ್ಲೇ ನಿಂತರೆ ದೊಡ್ಡವರಿಗೆ ಹೇಳಬೇಕು.

• ಕಾಲು. ನಾಲ್ಕೂ ಗೊರಸು ಎತ್ತಿ ನೋಡಬೇಕು, ಬಿಸಿ ಇದೆಯಾ ಮುಟ್ಟಿ ನೋಡಬೇಕು.

ಎಲ್ಲಾ ಸೈಸ್ ಅಣ್ಣನ ಜೊತೆಯಲ್ಲೇ. ತಲೆಗೆ ಹೆಲ್ಮೆಟ್ ಹಾಕಿಯೇ. ಕುದುರೆಯ ಹಿಂದೆ ನಿಲ್ಲದೆ. ಅವರ ಕೆಲಸ ಮಕ್ಕಳಿಗೆ ವಹಿಸೋದಲ್ಲ ಇದು. ಅವರನ್ನ ಮೇಷ್ಟ್ರು ಮಾಡೋದು. "ಓಕೆ ಅಣ್ಣ" ಅಂತ ಹೇಳಿ ಹೋಗ್ತಿದ್ದ ಮಕ್ಕಳು ಈಗ "ಯಾಕಣ್ಣ?" ಅಂತ ಕೇಳ್ತಾರೆ.

4/6

"ಸರಿ, ಕುದುರೆ ನೋಡ್ಕೊಳ್ಳೋದು ಕಲಿತರು. ಆಟ ಯಾವಾಗ ಕಲೀತಾರೆ?" ಅಂತೀರಾ? ಹತ್ತದೇ ಇದ್ದರೇ ಆಟ ಚೆನ್ನಾಗಿ ಕಾಣೋದು. ಸವಾರಿ ಇರೋ ಮಗುವಿಗೆ ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಚಿಟ್ಟೆ ಬಿಟ್ಟ ಹಾಗೆ ಆಗ್ತಿರುತ್ತೆ, ಏನು ಹೇಳಿದ್ರೂ ತಲೆಗೆ ಹೋಗಲ್ಲ.

ಕೋರ್ಸ್ ವಾಕ್ ತಗೊಳ್ಳಿ. ಸ್ಪರ್ಧೆಗೆ ಮುಂಚೆ ಸವಾರರು ಬೇಲಿಯಿಂದ ಬೇಲಿಗೆ ನಡೆದು ಅಳೀತಾರಲ್ಲ, ಅದು. ಕುದುರೆಯ ಒಂದು ನಾಗಾಲೋಟದ ಹೆಜ್ಜೆ ಸುಮಾರು 12 ಅಡಿ. ನಮ್ಮದು ಮೂರು ಅಡಿಯ ಹೆಜ್ಜೆಯಾದರೆ ನಾಲ್ಕು. ಎರಡು ಬೇಲಿ ನಡುವೆ 20 ಹೆಜ್ಜೆ ಬಂತು ಅನ್ನಿ. ಇಳಿಯೋಕೆ ಎರಡು, ಎಗರೋಕೆ ಎರಡು ಕಳೀರಿ. ಉಳಿದದ್ದು 16, ಅಂದ್ರೆ ಕುದುರೆಗೆ ನಾಲ್ಕು ಹೆಜ್ಜೆ. ಬೇಲಿ ಚಿಕ್ಕದಾದರೆ, ಕುದುರೆ ಗಿಡ್ಡವಾದರೆ ಈ ಲೆಕ್ಕ ಬದಲಾಗುತ್ತೆ. ಒಳಗೆ ಬಿಡದಿದ್ದರೆ ನಮ್ಮ ಮಕ್ಕಳು ಹಗ್ಗದ ಹೊರಗೆ ನಿಂತು, ಹಾರೋ ಕುದುರೆಗಳ ಹೆಜ್ಜೆ ಜೋರಾಗಿ ಎಣಿಸ್ತಾರೆ. ಇಪ್ಪತ್ತು ಸವಾರರನ್ನ ಹೀಗೆ ಎಣಿಸಿದ ಮಗುವಿಗೆ ಬೋರ್ಡಿನ ಮೇಲೆ ಬರೆದು ವಿವರಿಸೋ ಅಗತ್ಯ ಬೀಳಲ್ಲ.

ನಿಯಮಗಳೂ ಹಾಗೇ. ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ. ಗಂಟೆ ಆದ ಮೇಲೆ ಶುರು ಮಾಡೋಕೆ 45 ಸೆಕೆಂಡ್. ಕೋಲು ಬಿದ್ದರೆ ನಾಲ್ಕು ಫಾಲ್ಟ್. ಅಂತರರಾಷ್ಟ್ರೀಯ ನಿಯಮದಲ್ಲಿ ಕುದುರೆ ಎರಡನೇ ಸಲ ನಿಂತರೆ ಔಟ್, ಸವಾರ ಬಿದ್ದರೂ ಔಟ್. ಇನ್ನೊಂದು ನಿಯಮ ಇದೆ, ನಾನು ದಪ್ಪ ಅಕ್ಷರದಲ್ಲಿ ಬರೆಸ್ತೀನಿ: ಔಟ್ ಆದ ಮೇಲೆ ಕುದುರೆಗೆ ಚಾಟಿ ಮುಟ್ಟಿಸೋ ಹಾಗಿಲ್ಲ. ಸಿಟ್ಟು ತೀರಿಸಿಕೊಳ್ಳೋಕೆ ಅಂತೂ ಯಾವತ್ತೂ ಇಲ್ಲ.

5/6

ಪೋಷಕರ ಆಕ್ಷೇಪಗಳು ಗೊತ್ತು. ಅದರಲ್ಲಿ ನ್ಯಾಯ ಇಲ್ಲ ಅಂತಲ್ಲ. ಇದು ಅಗ್ಗದ ಆಟ ಅಲ್ಲ. ಸ್ಕೂಲಿಗೆ ರಜೆ ಹಾಕಿ, ನಸುಕಿನ ನಾಲ್ಕಕ್ಕೆ ಎದ್ದು ಕರ್ಕೊಂಡು ಬರ್ತೀರಿ. ಕೈಯಲ್ಲಿ ರಿಬ್ಬನ್ ಇಲ್ಲದೆ, ಬಟ್ಟೆ ತುಂಬ ಹುಲ್ಲು ಅಂಟಿಸಿಕೊಂಡು ಮಗು ಕಾರು ಹತ್ತಿದರೆ ಹೊಟ್ಟೆ ಉರಿಯುತ್ತೆ. ಈ ನಿಯಮದಿಂದ ನನ್ನ ಕ್ಲಬ್ ಬಿಟ್ಟು ಹೋದವರೂ ಇದ್ದಾರೆ. ಒಳ್ಳೇ ಸವಾರನೊಬ್ಬ ಹೋದ, ನನಗೆ ಬೇಜಾರಾಯ್ತು.

"ದೊಡ್ಡ ಸವಾರರು ಇದೆಲ್ಲ ಮಾಡ್ತಾರಾ?" ಅಂತ ಒಬ್ಬರು ಕೇಳಿದ್ರು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಆಮೇಲೆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. ಆ ಈವೆಂಟಿಂಗ್‌ನಲ್ಲಿ ಜಂಪಿಂಗ್‌ಗೆ ಮುಂಚೆ ಕುದುರೆಯನ್ನ ಡಾಕ್ಟರ್ ಮತ್ತು ತೀರ್ಪುಗಾರರ ಮುಂದೆ ಓಡಿಸಿ ತೋರಿಸಬೇಕು. ಕುಂಟುವ ಹಾಗಿದ್ದರೆ ಸವಾರ ಎಷ್ಟೇ ದೊಡ್ಡವನಾಗಲಿ, ಆಟ ಅಲ್ಲಿಗೇ ಮುಗೀತು. ಅಷ್ಟು ಮೇಲಿನ ಮಟ್ಟದಲ್ಲೂ ಮೊದಲ ಪರೀಕ್ಷೆ ಕುದುರೆಯ ಆರೋಗ್ಯದ್ದೇ. ಕೆಳಗಿನ 60 ಸೆಂಟಿಮೀಟರ್ ಕ್ಲಾಸಿನಲ್ಲಿ ನಾವು ಅದನ್ನ ಕಲಿಸದೆ ಇನ್ನೆಲ್ಲಿ ಕಲಿಸೋದು?

ಇನ್ನೊಂದು ಮಾತು, ಬೇಜಾರಾಗಬೇಡಿ. ಅಖಾಡದ ಪಕ್ಕ ನಿಂತು ಕೂಗೋದನ್ನ ನಾವು ನಿಲ್ಲಿಸಬೇಕು. ನಾನೂ ಸೇರಿ. ಅವತ್ತು ನಾನು "ಸ್ಟಿಕ್" ಅಂತ ಕೂಗದೆ ಇದ್ದಿದ್ದರೆ ಆ ಹುಡುಗಿ ಹೊಟ್ಟೆನೋವಿನ ಕುದುರೆಗೆ ಹೊಡೀತಿರಲಿಲ್ಲ. ಆ ನೆನಪು ಅವಳ ತಲೇಲಿ ಉಳಿಯೋ ಹಾಗೆ ಮಾಡಿದ್ದು ನಾನು.

6/6

ಕೊನೇ ಫೋಟೋ ಹೋದ ತಿಂಗಳದ್ದು. ಖಾಲಿ ವಾರ್ಮ್-ಅಪ್ ಮೈದಾನ, ಪಕ್ಕದಲ್ಲಿ ಹದಿನೈದರ ಹುಡುಗಿ ಕುದುರೆ ಹಿಡ್ಕೊಂಡು ನಡೀತಾ ಇದ್ದಾಳೆ. ಅವಳೇ. ಅವಳ ಕ್ಲಾಸಿಗೆ ಇನ್ನು ಇಪ್ಪತ್ತು ನಿಮಿಷ ಇತ್ತು. ಬಂದು ಹೇಳಿದಳು: "ಮ್ಯಾಮ್, ಮುಂದಿನ ಎಡಗಾಲು ಸರಿ ಇಲ್ಲ. ಇವತ್ತು ನಾನು ಹತ್ತಲ್ಲ."

ನಾನು ನೋಡಿದೆ. ನನಗೆ ಏನೂ ಕಾಣಲಿಲ್ಲ. ಗಟ್ಟಿ ನೆಲದ ಮೇಲೆ ಓಡಿಸಿದಾಗ ಡಾಕ್ಟರಿಗೆ ಕಾಣಿಸ್ತು. ಗೊರಸು ಬಿಸಿ ಇತ್ತು, ಅಂಗಾಲಿಗೆ ಕಲ್ಲೇಟು. ಎಂಟ್ರಿ ಫೀಸ್ ಹೋಯ್ತು. ಮೂರು ತಿಂಗಳ ತಯಾರಿ ಹೋಯ್ತು. ಅವರಪ್ಪ "ಪಕ್ಕಾನಾ ಮಗಳೇ?" ಅಂತ ಒಂದೇ ಸಲ ಕೇಳಿದ್ರು. ಅವಳು ಹೂಂ ಅಂದಳು. ಅವರು ಐಸ್ ತರೋಕೆ ಹೋದ್ರು.

ಮಧ್ಯಾಹ್ನ ಅವಳು ಕಣ್ಣೀರು ಹಾಕಿದಳು, ಸುಳ್ಳು ಯಾಕೆ ಹೇಳಲಿ. ಗೆಲ್ಲೋ ಆಸೆ ಎಲ್ಲರಷ್ಟೇ ಅವಳಿಗೂ ಇದೆ. ಆದ್ರೂ ಮುಂದಿನ ಸಲ ಯಾವ ಮಗುವಿನ ಕೈಗೆ ನನ್ನ ಕುದುರೆ ಕೊಡಲಿ ಅಂತ ಕೇಳಿದರೆ, ನನ್ನ ಉತ್ತರ ಅವಳೇ.

ನಿಮ್ಮ ಮಗುವೂ ರೈಡಿಂಗ್ ಕಲೀತಾ ಇದ್ದರೆ ಇವತ್ತು ಸಂಜೆ ಒಂದೇ ಒಂದು ಪ್ರಶ್ನೆ ಕೇಳಿ: "ನಿನ್ನ ಕುದುರೆ ಇವತ್ತು ಎಷ್ಟು ಬಕೆಟ್ ನೀರು ಕುಡೀತು?" ಉತ್ತರ ಗೊತ್ತಿಲ್ಲದಿದ್ದರೆ ಬೈಬೇಡಿ. ನಾಳೆ ಅರ್ಧ ಗಂಟೆ ಮುಂಚೆ ಕ್ಲಬ್ಬಿಗೆ ಬಿಡಿ, ಸೈಸ್ ಅಣ್ಣನನ್ನ ಕೇಳೋಕೆ ಹೇಳಿ. ಏನಂದ್ರು ಅಂತ ಕೆಳಗೆ ಬರೀರಿ. ಒಪ್ಪದಿದ್ದರೂ ಬರೀರಿ, ಜಗಳ ಆಡೋಣ.

#ಕುದುರೆಸವಾರಿ #ಶೋಜಂಪಿಂಗ್ #ಮಕ್ಕಳಆಟ #ಲಾಯದಮಾತು #ಬೆಂಗಳೂರು