ಹಸಿ ತಿನ್ನೋಣ, ಒಲೆ ಆರಿಸೋದು ಬೇಡ

ಬೇಯಿಸಿದ್ದೆಲ್ಲ ಸತ್ತ ಆಹಾರ ಅನ್ನೋ ಮಾತು ವಾಟ್ಸಾಪ್ ಹತ್ತಿ ನಮ್ಮ ಸಾಸ್ವೆಹಳ್ಳಿಗೂ ಬಂದಿದೆ. ಹಸಿ ತಿನ್ನೋದು ನಮಗೇನು ಹೊಸದಲ್ಲ ಬಿಡಿ. ರೊಟ್ಟಿ ಜೊತೆ ಈರುಳ್ಳಿ, ಸೌತೆಕಾಯಿ, ಎಳೇ ಮೆಂತ್ಯ ಸೊಪ್ಪು, ಹಬ್ಬಕ್ಕೆ ಕೋಸಂಬರಿ. ಬೇಯಿಸಿದರೆ ಸಿ ಜೀವಸತ್ವ ಕಮ್ಮಿಯಾಗುತ್ತೆ, ನಿಜ.

ಆದರೆ ಕ್ಯಾರೆಟ್ಟಿನ ಕ್ಯಾರೋಟಿನ್, ಟೊಮ್ಯಾಟೊದ ಲೈಕೋಪಿನ್ ಮೈಗೆ ಹೆಚ್ಚು ಹತ್ತೋದು ಬೇಯಿಸಿದಾಗಲೇ. ಹಸಿ ರಾಜ್ಮಾ ನಾಲ್ಕೈದು ಕಾಳು ತಿಂದರೂ ವಾಂತಿ ಶುರುವಾಗಬಹುದು. ಕೊಳಚೆ ನೀರು ಸೋಕಿದ ಸೊಪ್ಪಿನ ಜೊತೆ ಲಾಡಿಹುಳದ ಮೊಟ್ಟೆ ಹೊಟ್ಟೆ ಸೇರಿದರೆ, ಮರಿಹುಳ ಮಿದುಳಿಗೇ ಹೋಗಿ ಫಿಟ್ಸ್ ಬರಬಹುದು. ಸಸ್ಯಾಹಾರಿಗಳಿಗೂ ಇದು ತಪ್ಪಿದ್ದಲ್ಲ!

ಚೆನ್ನಾಗಿ ತೊಳೆದ ಹಸಿ ತರಕಾರಿ ತಟ್ಟೆಯಲ್ಲಿ ಒಂದು ಪಾಲು ಇರಲಿ, ಮಿಕ್ಕಿದ್ದು ಒಲೆ ಮೇಲೆ ಬೇಯಲಿ. ದೊಡ್ಡವರು ಏನಾದರೂ ಮಾಡಿಕೊಳ್ಳಲಿ. ಬೆಳೆಯೋ ಮಕ್ಕಳ ಮೇಲೆ ಮಾತ್ರ ಈ ಪ್ರಯೋಗ ಬೇಡ. ಅವರ ಪುಟ್ಟ ಹೊಟ್ಟೆಗೆ ಬರೀ ಸೊಪ್ಪು-ಹಣ್ಣು ತುಂಬಿದರೆ ಶಕ್ತಿ ಸಾಲಲ್ಲ.

ನೀವೇನಂತೀರಿ?