ಬಲ್ಲವರ ಕಣ್ಣೂ ಮೋಸಹೋಗುತ್ತದೆ

ವಿಮಾನ ಅಪಘಾತವಾದಾಗ ಪೈಲಟ್ ಎಚ್ಚರ ತಪ್ಪಿದರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ದೃಷ್ಟಿಭ್ರಮೆಯ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಸಮಾನ ಉದ್ದದ ಎರಡು ಗೆರೆಗಳಲ್ಲಿ ಒಂದರ ತುದಿಗಳಿಗೆ ಒಳಮುಖದ, ಇನ್ನೊಂದಕ್ಕೆ ಹೊರಮುಖದ ಬಾಣಗಳನ್ನು ಬರೆದರೆ ಒಂದು ಉದ್ದವಾಗಿ ಕಾಣುತ್ತದೆ. ಅಳೆದು ಸಮವೆಂದು ಖಚಿತಪಡಿಸಿಕೊಂಡ ಮೇಲೂ ಹಾಗೆಯೇ ಕಾಣುತ್ತದೆ. ತಿಳಿವಳಿಕೆಯಿಂದ ಭ್ರಮೆ ಅಳಿಯುವುದಿಲ್ಲ. ಆದ್ದರಿಂದ ಭ್ರಮೆಗಳ ಬಗ್ಗೆ ಪಾಠ ಹೇಳಿದರೆ ಸಾಕೆಂಬ ನಂಬಿಕೆಯೇ ಅಪಾಯಕಾರಿ. ನಿರ್ಧಾರ ಕಣ್ಣೊಂದನ್ನೇ ನೆಚ್ಚಿಕೊಳ್ಳದಂತೆ ನಿಯಮಗಳನ್ನು ರೂಪಿಸಬೇಕು.

ರಾತ್ರಿ ಇಳಿಯುವ ಹೊತ್ತನ್ನೇ ನೋಡಿ. ವಿಮಾನಕ್ಕೂ ರನ್‌ವೇಗೂ ನಡುವೆ ಕಡಲೋ ಕಾಡೋ ಇದ್ದು ಒಂದು ದೀಪವೂ ಕಾಣದಿದ್ದರೆ ಎತ್ತರ ಅಂದಾಜಿಸಲು ಕಣ್ಣಿಗೆ ಆಸರೆಯಿಲ್ಲ. ಇನ್ನೂ ಬಹಳ ಮೇಲಿದ್ದೇವೆ ಎನಿಸಿ ಪೈಲಟ್ ವಿಮಾನವನ್ನು ಕೆಳಕ್ಕೆ ತರುತ್ತಾರೆ. 1960ರ ದಶಕದಲ್ಲಿ ಬೋಯಿಂಗ್‌ನ ಕಾನ್ರಾಡ್ ಕ್ರಾಫ್ಟ್ ಇದನ್ನು ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದರು. ಎತ್ತರಮಾಪಕವಿಲ್ಲದೆ, ಏರುನೆಲದ ಊರಿನ ದೀಪಗಳನ್ನು ನಂಬಿ ಇಳಿದವರಲ್ಲಿ ಹೆಚ್ಚಿನವರು ಸುರಕ್ಷಿತ ಹಾದಿಗಿಂತ ಅಪಾಯಕರವಾಗಿ ಕೆಳಗೆ ಬಂದಿದ್ದರು. ಅವರೆಲ್ಲ ನುರಿತ ಪೈಲಟ್‌ಗಳು! ಅನುಭವವೇ ರಕ್ಷೆ ಎನ್ನುವವರು ಈ ಫಲಿತಾಂಶಕ್ಕೆ ಉತ್ತರ ಕೊಡಬೇಕಾಗುತ್ತದೆ. ರನ್‌ವೇ ರೂಢಿಗಿಂತ ಕಿರಿದಾಗಿದ್ದರೂ, ಏರುಮುಖವಾಗಿದ್ದರೂ ಇದೇ ಭ್ರಮೆ ಹುಟ್ಟುತ್ತದೆ.

ಉಪಕರಣಗಳೂ ಕೆಡುತ್ತವಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 747 ಅರಬ್ಬಿ ಸಮುದ್ರಕ್ಕೆ ಬಿದ್ದು 213 ಜನ ಸತ್ತರು. ವಿಮಾನ ಎತ್ತ ವಾಲಿದೆಯೆಂದು ತೋರಿಸುವ ಕ್ಯಾಪ್ಟನ್ ಕಡೆಯ ಸೂಚಕ ಕೆಟ್ಟಿತ್ತು. ಹೊರಗೆ ಕತ್ತಲ ಕಡಲ ಮೇಲೆ ದಿಗಂತವೂ ಕಾಣುತ್ತಿರಲಿಲ್ಲ. ಆದರೆ ಉಳಿದ ಉಪಕರಣಗಳ ನೆರವಿನಿಂದಲೂ ವಿಮಾನವನ್ನು ಹತೋಟಿಗೆ ತರಲಿಲ್ಲವೆಂದು ತನಿಖೆ ಗುರುತಿಸಿತು. ಒಂದು ಉಪಕರಣವನ್ನು ಕುರುಡಾಗಿ ನಂಬುವುದೂ ಕಣ್ಣೊಂದನ್ನೇ ನಂಬುವಷ್ಟೇ ದೋಷ. ಒಂದನ್ನು ಇನ್ನೊಂದರೊಡನೆ ತಾಳೆ ನೋಡುವುದು, ಪಕ್ಕದ ಪೈಲಟ್ ಅನುಮಾನ ಪಟ್ಟರೆ ಕ್ಯಾಪ್ಟನ್ ಕಿವಿಗೊಡುವುದು, ಇವು ಮರ್ಜಿಗೆ ಬಿಟ್ಟ ಸೌಜನ್ಯಗಳಾಗಬಾರದು.

ಹೀಗೆ ಕಟ್ಟುಪಾಡು ಹೆಚ್ಚಿದರೆ ಕೈಚಳಕ ಮೊಂಡಾಗುತ್ತದೆ ಎಂಬ ಆತಂಕವೂ ಇದೆ. ಕೈಚಳಕಕ್ಕೆ ಸಿಮ್ಯುಲೇಟರ್‌ನಲ್ಲಿ ಬೇಕಾದಷ್ಟು ಅಭ್ಯಾಸ ಕೊಡಬಹುದು. ಪ್ರಯಾಣಿಕರನ್ನು ಕೂರಿಸಿಕೊಂಡು ಅದನ್ನು ಪರೀಕ್ಷಿಸಬೇಕಿಲ್ಲ. 2017ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏರ್ ಕೆನಡಾದ ವಿಮಾನವೊಂದು ರನ್‌ವೇ ಎಂದು ಭಾವಿಸಿ, ನಾಲ್ಕು ವಿಮಾನಗಳು ಕಾದು ನಿಂತಿದ್ದ ಟ್ಯಾಕ್ಸಿವೇಯತ್ತ ಇಳಿದು, ಸುಮಾರು 60 ಅಡಿ ಎತ್ತರದಿಂದ ಮತ್ತೆ ಮೇಲೇರಿತು. ಪಕ್ಕದ ರನ್‌ವೇಯ ದೀಪಗಳು ಆರಿದ್ದವು. ತಪ್ಪನ್ನು ತೋರಿಸಿಕೊಡಬಹುದಾಗಿದ್ದ ರೇಡಿಯೊ ಮಾರ್ಗದರ್ಶಿಯ ತರಂಗಾಂತರವನ್ನು ಹೊಂದಿಸಿಕೊಂಡಿರಲಿಲ್ಲ. ಆ ರಾತ್ರಿ ಮಂಜಿರಲಿಲ್ಲ, ಮಳೆಯಿರಲಿಲ್ಲ. ಕೆಟ್ಟ ಹವೆಯಲ್ಲಿ ಕಡ್ಡಾಯವಾಗುವ ಉಪಕರಣದ ತಾಳೆಯನ್ನು ಆಕಾಶ ತಿಳಿಯಾಗಿರುವ ರಾತ್ರಿಗಳಿಗೂ ಕಡ್ಡಾಯ ಮಾಡಬೇಕೆನ್ನುವುದು ಅದಕ್ಕಾಗಿಯೇ.